ಎತ್ತರವೂ ವಯಸ್ಸೂ: ಮಕ್ಕಳ ಬೆಳವಣಿಗೆಯನ್ನು ಅಳೆದವರ ಕಥೆ

ನಮ್ಮ ಕಡೆಯ ಹಿರಿಯರಲ್ಲಿ ಯಾರನ್ನಾದರೂ ‘ತಾವು ಶಾಲೆಗೆ ಸೇರಿದುದು ಎಷ್ಟನೆಯ ವರ್ಷದಲ್ಲಿ?’ ಎಂದು ಕೇಳಿ ನೋಡಿರಿ. ಅವರು ವರ್ಷದ ಲೆಕ್ಕವನ್ನು ಹೇಳುವುದಿಲ್ಲ. ‘ಕಿವಿ ಮುಟ್ಟಿದಾಗ ಸೇರಿಸಿದರು’ ಎನ್ನುವರು. ತಂದೆಯು ಮಗುವಿನ ಕೈ ಹಿಡಿದು ಶಾಲೆಗೆ ಕರೆತರುವನು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಬಳಸಿ ಎಡಗಿವಿಯನ್ನು ಮುಟ್ಟುವಂತೆ ಹೇಳುವರು. ಬೆರಳು ಕಿವಿಗೆ ತಗುಲಿದರೆ ಹೆಸರು ದಾಖಲೆಗೆ ಏರುವುದು. ತಗುಲದಿದ್ದರೆ ‘ಮುಂದಿನ ವರ್ಷ ಕರೆತನ್ನಿ’ ಎಂಬ ಉತ್ತರ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆಯುವ ವಾಡಿಕೆಯಿತ್ತು. ಆದುದರಿಂದಲೇ ನಮ್ಮಲ್ಲಿ ಒಂದು ತಲೆಮಾರಿನ ಅರ್ಧ ಜನ ಒಂದೇ ದಿನ ಹುಟ್ಟಿದವರಂತೆ ಕಾಣುವರು.

ಈ ಪರೀಕ್ಷೆಯನ್ನು ನೋಡಿ ನಗುವುದು ಸುಲಭ. ಆದರೆ ಅದರಲ್ಲಿ ಒಂದು ತಿಳಿವು ಇದ್ದಿತು. ಹುಟ್ಟಿದ ಮಗುವಿನ ತಲೆಯು ದೇಹದ ಉದ್ದದಲ್ಲಿ ನಾಲ್ಕನೆಯ ಒಂದು ಪಾಲಿನಷ್ಟಿರುತ್ತದೆ, ಕೈಗಳು ಗಿಡ್ಡ. ವರ್ಷ ಕಳೆದಂತೆ ತಲೆಯ ಬೆಳವಣಿಗೆ ನಿಧಾನವಾಗುವುದು, ಕೈಕಾಲುಗಳು ನೀಳವಾಗುವುವು. ಆರೇಳು ವರ್ಷದ ಹೊತ್ತಿಗೆ ಕೈ ತಲೆಯನ್ನು ದಾಟುವುದು. ಅಂದರೆ ಕಾಗದವಿಲ್ಲದ ಕಾಲದಲ್ಲಿ ಮೈಯೇ ಕಾಗದವಾಗಿದ್ದಿತು. ಆದರೆ ಆ ಕಾಗದವು ಎಲ್ಲ ಮಕ್ಕಳಲ್ಲಿಯೂ ಒಂದೇ ವೇಳೆಗೆ ಬರೆಯಲ್ಪಡುವುದಿಲ್ಲ. ಅರೆಹೊಟ್ಟೆಯಲ್ಲಿ ಬೆಳೆದ ಮಗುವಿನ ಕೈ ಒಂದು ವರ್ಷ ತಡವಾಗಿ ಕಿವಿಯನ್ನು ಮುಟ್ಟೀತು. ಹಾಗಾದಾಗ ಹಸಿದವನಿಗೇ ಅಕ್ಷರವೂ ತಡವಾಗಿ ದೊರೆಯುವುದು. ಮೈಯನ್ನು ನೋಡಿ ವಯಸ್ಸನ್ನು ಹೇಳುವ ಈ ಅಭ್ಯಾಸವು ನಮ್ಮ ಶಾಲೆಗಳಲ್ಲಿ ಮಾತ್ರವಲ್ಲ, ಲೋಕದಲ್ಲೆಲ್ಲ ಇದ್ದಿತು. ಅದು ಎಲ್ಲಿ ಹೇಗೆ ತಪ್ಪಿತು, ಆ ತಪ್ಪನ್ನು ಯಾರು ಯಾರು ಹೇಗೆ ತಿದ್ದಿದರು ಎಂಬುದನ್ನು ಶಿಕ್ಷಕ ಬಂಧುಗಳೂ ವಿದ್ಯಾರ್ಥಿಗಳೂ ತಿಳಿದಿರಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ನೂಲಿನ ಗಿರಣಿಗಳು ಹಬ್ಬಿದಾಗ ಸಣ್ಣ ಮಕ್ಕಳು ಅಲ್ಲಿ ಹಗಲಿರುಳು ದುಡಿಯುತ್ತಿದ್ದರು. 1833ರಲ್ಲಿ ಆ ದೇಶದ ಪಾರ್ಲಿಮೆಂಟು ಒಂದು ಕಾನೂನನ್ನು ಮಾಡಿ, 9 ವರ್ಷದೊಳಗಿನ ಮಕ್ಕಳನ್ನು ಬಟ್ಟೆಯ ಗಿರಣಿಗಳಲ್ಲಿ ದುಡಿಸಬಾರದೆಂದೂ, 13 ತುಂಬುವವರೆಗೆ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ವಿಧಿಸಿತು. ಆದರೆ ಮಗುವಿಗೆ ಎಷ್ಟು ವರ್ಷವೆಂದು ಹೇಳುವವರು ಯಾರು? ಆ ದೇಶದಲ್ಲಿ ಜನನವನ್ನು ಸರಕಾರದ ದಾಖಲೆಯಲ್ಲಿ ಬರೆಯುವ ಪದ್ಧತಿ ಬಂದುದೇ 1837ರಲ್ಲಿ. ಅಲ್ಲಿಯವರೆಗೆ ವೈದ್ಯನು ಮಗುವಿನ ಎತ್ತರವನ್ನೂ ಚಹರೆಯನ್ನೂ ನೋಡಿ ‘ಇದು ಇಷ್ಟು ವರ್ಷದ್ದು’ ಎಂದು ಬರೆದುಕೊಡುತ್ತಿದ್ದನು. ಕೂಲಿಯ ಆಸೆಗೆ ತಂದೆತಾಯಿಗಳೂ, ಅಗ್ಗದ ಆಳಿನ ಆಸೆಗೆ ಗಿರಣಿಯವರೂ ಎತ್ತರದ ಮಕ್ಕಳನ್ನು ಮುಂದೆ ನಿಲ್ಲಿಸುತ್ತಿದ್ದರು. 1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯನು ಸಾವಿರಕ್ಕೂ ಮಿಕ್ಕಿದ ಮಕ್ಕಳ ಬಾಯಿಗಳನ್ನು ಪರೀಕ್ಷಿಸಿ, ವಯಸ್ಸನ್ನು ತಿಳಿಯಲು ಎತ್ತರಕ್ಕಿಂತ ಹಲ್ಲು ಮೇಲಾದ ಸಾಕ್ಷಿಯೆಂದು ತೋರಿಸಿದನು.

ಭಾರತಕ್ಕೂ ಇದೇ ಪ್ರಶ್ನೆ ಬಂದಿತು. 1881ರ ಕಾರ್ಖಾನೆ ಕಾನೂನು 7 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಬಾರದೆಂದಿತು. 1891ರಲ್ಲಿ ಆ ಮಿತಿಯನ್ನು 9ಕ್ಕೆ ಏರಿಸಲಾಯಿತು. ಇಲ್ಲಿಯೂ ವಯಸ್ಸಿನ ನಿರ್ಣಯವು ವೈದ್ಯನ ಕಣ್ಣಳತೆಗೆ ಬಿದ್ದಿತು. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆದವಾನಿಯು ನಮಗೆ ಹತ್ತಿರದ ಊರು. ಹತ್ತಿಗೂ ಎಳೆಯ ಕೈಗಳಿಗೂ ಇರುವ ನಂಟನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಹಾಗಾದರೆ ಎತ್ತರವು ವಯಸ್ಸಿಗೆ ಏಕೆ ಸಾಕ್ಷಿಯಾಗಲಾರದು? ಇದಕ್ಕೆ ಉತ್ತರವು ಗಿರಣಿಗಳ ಗಲಾಟೆಗೆ ಬಹು ಮೊದಲೇ ಫ್ರಾನ್ಸ್ ದೇಶದ ಒಂದು ಮನೆಯಲ್ಲಿ ಸಿದ್ಧವಾಗಿದ್ದಿತು. ಮಾಂಬೆಯಾರ್ ಎಂಬ ಗೃಹಸ್ಥನಿಗೆ 1759ರಲ್ಲಿ ಒಬ್ಬ ಮಗ ಹುಟ್ಟಿದನು. ತಂದೆಯು ಆ ಮಗನನ್ನು ಹುಟ್ಟಿದಂದಿನಿಂದ 1777ರವರೆಗೆ, ಸುಮಾರು ಆರು ತಿಂಗಳಿಗೊಮ್ಮೆ ನಿಲ್ಲಿಸಿ ಅಳೆದು ಬರೆದಿಟ್ಟನು. ಅವನ ಸ್ನೇಹಿತನೂ ದೊಡ್ಡ ಪ್ರಕೃತಿವಿಜ್ಞಾನಿಯೂ ಆದ ಬುಫಾನನು ಆ ಲೆಕ್ಕವನ್ನು ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ಒಂದೇ ಮಗುವನ್ನು ಹದಿನೆಂಟು ವರ್ಷ ಬಿಡದೆ ಅಳೆದ ಮೊದಲನೆಯ ದಾಖಲೆ ಅದು. ಅದರಿಂದ ಕಂಡುಬಂದುದೇನು? ಮಗು ಮೊದಲ ವರ್ಷ ಅತಿ ವೇಗವಾಗಿ ಬೆಳೆಯಿತು. ಬಳಿಕ ವರ್ಷದಿಂದ ವರ್ಷಕ್ಕೆ ವೇಗ ತಗ್ಗುತ್ತ ಬಂದಿತು. ಹನ್ನೆರಡು ದಾಟಿದ ಮೇಲೆ ಇದ್ದಕ್ಕಿದ್ದಂತೆ ಮತ್ತೆ ವೇಗ ಹೆಚ್ಚಿ, 14ರ ಸುಮಾರಿಗೆ ವರ್ಷಕ್ಕೆ 12 ಸೆಂಟಿಮೀಟರಿಗೆ ಹತ್ತಿರವಾಯಿತು. ಅನಂತರ ಬೇಗ ಇಳಿದು ನಿಂತಿತು. ಬೇಸಗೆಯಲ್ಲಿ ಬೆಳವಣಿಗೆ ಹೆಚ್ಚು, ಚಳಿಗಾಲದಲ್ಲಿ ಕಡಿಮೆ ಎಂಬುದನ್ನೂ ಬುಫಾನನು ಗಮನಿಸಿದನು.

ನಡುವೆ ತಲೆದೋರುವ ಈ ವೇಗಕ್ಕೇ ಬೆಳವಣಿಗೆಯ ನೆಗೆತವೆಂದು ಹೇಳಬಹುದು. ನಮ್ಮ ಕರಿಯ ನೆಲದ ಜೋಳವನ್ನು ಕಂಡವರಿಗೆ ಇದು ಹೊಸದಲ್ಲ. ಬಿತ್ತಿದ ಮೇಲೆ ಕೆಲವು ವಾರ ಪೈರು ನೆಲವನ್ನು ಹಿಡಿದುಕೊಂಡೇ ಇರುವುದು. ತೆನೆ ಹೊರಡುವ ಮುಂಚೆ ದಿನದಿಂದ ದಿನಕ್ಕೆ ಎದ್ದುಬಿಡುವುದು.

ಒಂದು ಮಗುವಿನಲ್ಲಿ ಕಂಡ ಈ ಸತ್ಯವು ಸಾವಿರ ಮಕ್ಕಳ ಲೆಕ್ಕದಲ್ಲಿ ಕಳೆದುಹೋಯಿತೆಂಬುದು ಸ್ವಾರಸ್ಯದ ಸಂಗತಿ. ಬೆಲ್ಜಿಯಂ ದೇಶದ ಕೆತ್ಲೆ ಎಂಬ ಗಣಿತಜ್ಞನು 1835ರಲ್ಲಿ ಮನುಷ್ಯನ ಸರಾಸರಿ ಅಳತೆಗಳ ಮೇಲೆ ಹೆಸರಾಂತ ಗ್ರಂಥವನ್ನು ಬರೆದನು. ಬೇರೆ ಬೇರೆ ವಯಸ್ಸಿನ ಬೇರೆ ಬೇರೆ ಮಕ್ಕಳನ್ನು ಅಳೆದು ಅವನು ಎಳೆದ ಗೆರೆಯಲ್ಲಿ ನೆಗೆತವೇ ಇರಲಿಲ್ಲ. ಅದು ನುಣುಪಾಗಿ ಸಾಗಿದ್ದಿತು. ಇದು ಹೇಗಾದೀತೆಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಮೂವರು ಹುಡುಗರಿದ್ದಾರೆ, ಮೂವರಿಗೂ 14 ವರ್ಷ. ಮೊದಲನೆಯವನ ನೆಗೆತ ಮುಗಿದಿದೆ. ಈ ವರ್ಷ ಅವನು ಬೆಳೆದುದು 4 ಸೆಂಟಿಮೀಟರು. ಎರಡನೆಯವನು ನೆಗೆತದಲ್ಲಿದ್ದಾನೆ, ಅವನು 9 ಬೆಳೆದನು. ಮೂರನೆಯವನಿಗೆ ನೆಗೆತ ಇನ್ನೂ ಬಂದಿಲ್ಲ. ಅವನು ಬೆಳೆದುದು 5. ಒಟ್ಟು 18, ಸರಾಸರಿ 6. ಈ ಆರು ಮೂವರಲ್ಲಿ ಯಾರ ಬೆಳವಣಿಗೆ? ಯಾರದೂ ಅಲ್ಲ. ಸರಾಸರಿಯು ತರಗತಿಯ ಸ್ಥಿತಿಯನ್ನು ಹೇಳೀತು. ಎದುರಿಗೆ ನಿಂತ ಮಗುವಿನ ಸ್ಥಿತಿಯನ್ನು ಹೇಳದು.

ಅಮೆರಿಕದ ಬಾಸ್ಟನ್ ನಗರದಲ್ಲಿ ಹೆನ್ರಿ ಬೌಡಿಚ್ ಎಂಬ ವೈದ್ಯನು 24,000ಕ್ಕೂ ಹೆಚ್ಚು ಶಾಲಾಮಕ್ಕಳ ಎತ್ತರ ತೂಕಗಳನ್ನು ಕೂಡಿಸಿ 1877ರಲ್ಲಿ ಪ್ರಕಟಿಸಿದನು. ಅದರಲ್ಲಿ 13-14ರ ಸುಮಾರಿಗೆ ಹುಡುಗಿಯರು ತಮ್ಮ ಓರಗೆಯ ಹುಡುಗರಿಗಿಂತ ಎತ್ತರವಾಗಿಯೂ ಭಾರವಾಗಿಯೂ ಇರುವರೆಂಬುದು ಸ್ಪಷ್ಟವಾಯಿತು. ಕೆಲ ವರ್ಷಗಳಲ್ಲಿ ಹುಡುಗರು ಮುಂದೆ ಹೋಗುವರು. ಅಳೆದವರು ಅನೇಕ ಕಡೆ ಶಾಲಾಶಿಕ್ಷಕರೇ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು. ಬಳಿಕ 1892ರ ಹೊತ್ತಿಗೆ ಫ್ರಾನ್ಜ್ ಬೋಆಸ್ ಎಂಬ ವಿದ್ವಾಂಸನು ಗುಟ್ಟನ್ನು ಬಿಡಿಸಿದನು. ಪ್ರತಿಯೊಂದು ಮಗುವಿಗೂ ಬೆಳವಣಿಗೆಯ ತನ್ನದೇ ಲಯವುಂಟು. ಒಬ್ಬರದು ದ್ರುತ, ಇನ್ನೊಬ್ಬರದು ವಿಲಂಬಿತ. ಆದುದರಿಂದ ಬೇರೆ ಬೇರೆ ಮಕ್ಕಳನ್ನು ಒಮ್ಮೆ ಅಳೆಯುವುದಕ್ಕಿಂತ, ಅದೇ ಮಕ್ಕಳನ್ನು ವರ್ಷ ವರ್ಷವೂ ಅಳೆಯಬೇಕು. ಇಂಗ್ಲೆಂಡಿನಲ್ಲಿ ಡಾ. ಟ್ಯಾನರ್ ಅವರು 1948ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಹಾರ್ಪೆಂಡೆನ್ ಎಂಬ ಊರಿನ ಮಕ್ಕಳನ್ನು ಹೀಗೆಯೇ ಅಳೆಯುತ್ತ ಬಂದರು. ಇಂದು ವೈದ್ಯರು ಬಳಸುವ ತಿಳಿವಳಿಕೆಯ ದೊಡ್ಡ ಭಾಗವು ಆ ತಾಳ್ಮೆಯ ಫಲ.

ಆ ತಿಳಿವಳಿಕೆಯ ಸಾರ ಹೀಗಿದೆ. ಮಗು ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರು, ಎರಡನೆಯ ವರ್ಷದಲ್ಲಿ ಅದರ ಅರ್ಧದಷ್ಟು ಬೆಳೆಯುವುದು. ನಾಲ್ಕು ವರ್ಷದ ಮೇಲೆ ವರ್ಷಕ್ಕೆ ಐದಾರು ಸೆಂಟಿಮೀಟರಿನ ನಿಧಾನ ನಡಿಗೆ. ಹೆಣ್ಣು ಮಕ್ಕಳಲ್ಲಿ ನೆಗೆತವು 10ರ ಸುಮಾರಿಗೆ ಮೊದಲಾಗಿ 12ರ ಸುಮಾರಿಗೆ ತುದಿ ಮುಟ್ಟುವುದು. ಆಗ ವರ್ಷಕ್ಕೆ 8 ಸೆಂಟಿಮೀಟರು. ಗಂಡು ಮಕ್ಕಳಲ್ಲಿ ಅದು ಎರಡು ವರ್ಷ ತಡ; ಅವರ ತುದಿ 14ರ ಸುಮಾರಿಗೆ, ವರ್ಷಕ್ಕೆ 9-10 ಸೆಂಟಿಮೀಟರು. ಈ ಕಾಲಗಳು ಎರಡು ವರ್ಷ ಹಿಂದಾಗಲಿ ಮುಂದಾಗಲಿ ಬಂದರೆ ಅದು ರೋಗವಲ್ಲ. ಮಿದುಳಿನ ಅಡಿಯಲ್ಲಿರುವ ಕಡಲೆಕಾಳಿನಷ್ಟು ಗಾತ್ರದ ಗ್ರಂಥಿಯಿಂದ ಹೊರಡುವ ರಸವೂ, ಪ್ರಾಯಕಾಲದಲ್ಲಿ ಹುಟ್ಟುವ ರಸಗಳೂ ಸೇರಿ ಈ ಕೆಲಸವನ್ನು ನಡೆಸುವುವು. ಮೊದಲ ರಸವು ಗಾಢ ನಿದ್ರೆಯಲ್ಲಿ ಹೆಚ್ಚಾಗಿ ಸ್ರವಿಸುವುದು. ಮೊದಲು ಅಂಗೈ ಅಂಗಾಲುಗಳು, ಬಳಿಕ ಕಾಲು, ಕೊನೆಗೆ ಮುಂಡ ಎಂಬ ಕ್ರಮದಲ್ಲಿ ಮೈ ಬೆಳೆಯುವುದು. ಆದುದರಿಂದಲೇ ಏಳನೆಯ ತರಗತಿಯ ಹುಡುಗನಿಗೆ ಚಪ್ಪಲಿ ಮೊದಲು ಬಿಗಿಯಾಗುವುದು. ಅವನು ಹೊಸಲು ಎಡವುವನು, ನೀರಿನ ಲೋಟವನ್ನು ಉರುಳಿಸುವನು. ಅದಕ್ಕಾಗಿ ಅವನನ್ನು ಬೈಯುವುದು ಅನ್ಯಾಯ. ಎಲುಬಿನ ತುದಿಗಳಲ್ಲಿರುವ ಮೃದ್ವಸ್ಥಿ ಗಟ್ಟಿಯಾಗಿ ಕೂಡಿಕೊಂಡಾಗ ಎತ್ತರ ನಿಲ್ಲುವುದು. ಮಣಿಕಟ್ಟಿನ ಕ್ಷಕಿರಣ ಚಿತ್ರವನ್ನು ನೋಡಿ ವೈದ್ಯರು ‘ಎಲುಬಿನ ವಯಸ್ಸು’ ಹೇಳುವುದು ಇದರಿಂದಲೇ. ಎರಡು ಮಕ್ಕಳಿಗೆ ಜನನದ ಕಾಗದದಲ್ಲಿ 13 ವರ್ಷವಿದ್ದು, ಎಲುಬಿನಲ್ಲಿ ಒಬ್ಬನಿಗೆ 11, ಇನ್ನೊಬ್ಬನಿಗೆ 15 ಇರಬಹುದು.

ಇನ್ನು ನಮ್ಮ ಸೀಮೆಗೆ ಬರೋಣ. ಇಲ್ಲಿ ಬೆಳವಣಿಗೆಯ ಮಾತನ್ನು ಅನ್ನದ ಮಾತಿನಿಂದ ಬೇರೆ ಮಾಡಲಾಗದು. ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876-78ರ ಬರ, ಕರ್ನೂಲು ಬಳ್ಳಾರಿ ಜಿಲ್ಲೆಗಳನ್ನು ಹಿಂಡಿ ಹಾಕಿತು. ಆದವಾನಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಕರ್ನೂಲಿಗೆ ಸೇರಿತು. 1871ರ ಗಣತಿಯಲ್ಲಿ 9 ಲಕ್ಷವನ್ನು ಮೀರಿದ್ದ ಕರ್ನೂಲು ಜಿಲ್ಲೆಯ ಜನಸಂಖ್ಯೆ 1881ರಲ್ಲಿ 7 ಲಕ್ಷಕ್ಕಿಂತ ಕೆಳಗಿಳಿದಿತ್ತು. ಬರಗಾಲದ ಕಾಮಗಾರಿಗಳಲ್ಲಿ ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಅಲ್ಪ ಕಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದರು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾ. ಕಾರ್ನಿಶ್ ಅವರು, ಇಷ್ಟರಿಂದ ದುಡಿಯುವವನ ಮೈ ಸವೆಯುವುದೆಂದು ಪಟ್ಟುಹಿಡಿದು ವಾದಿಸಿದರು. ಕೆಲವು ತಿಂಗಳುಗಳಲ್ಲಿ ಆ ಕೂಲಿಯನ್ನು ಏರಿಸಬೇಕಾಯಿತು. ದೊಡ್ಡವನ ಮೈ ಸವೆದರೆ ಮತ್ತೆ ತುಂಬಬಹುದು. ಬೆಳೆಯುವ ಮಗುವಿಗೆ ಅನ್ನ ತಪ್ಪಿದರೆ ಬೆಳವಣಿಗೆಯೇ ನಿಲ್ಲುವುದು.

ನಿಂತುಹೋದ ಬೆಳವಣಿಗೆ ಮುಂದೆ ಕೂಡಿಬರುವುದೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಸಂಸ್ಥೆಯೊಂದು ನಮ್ಮ ನೆರೆಯಲ್ಲಿಯೇ ಇದೆ. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಆರಂಭಿಸಿದ ಸಣ್ಣ ಸಂಶೋಧನಾ ಶಾಲೆಯು 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಭಾರತದ ಮಕ್ಕಳ ಎತ್ತರ ತೂಕಗಳನ್ನು ದೇಶದ ಅನೇಕ ಕಡೆ ಅಳೆಯುವ ದೊಡ್ಡ ಕೆಲಸವು 1956ರಿಂದ 1965ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆಯಿತು. ಹೈದರಾಬಾದಿನ ಸಂಶೋಧಕರು ಹಳ್ಳಿಯ ಹುಡುಗರನ್ನು ಐದನೆಯ ವಯಸ್ಸಿನಿಂದ ಪ್ರಾಯದವರೆಗೆ ಹಿಂಬಾಲಿಸಿ ಅಳೆದು, ತಮ್ಮ ಫಲಿತಾಂಶವನ್ನು 1980ರಲ್ಲಿ ಪ್ರಕಟಿಸಿದರು. ಐದು ವರ್ಷಕ್ಕೆ ಅನ್ನದ ಕೊರತೆಯಿಂದ ಗಿಡ್ಡಾಗಿದ್ದವರಿಗೂ ನೆಗೆತ ಬಂದಿತು. ಆದರೆ ತಡವಾಗಿ ಬಂದಿತು. ಅವರೂ ಬೆಳೆದರು, ಆದರೆ ಮೊದಲಿನ ಕೊರತೆ ತುಂಬಲಿಲ್ಲ. ಅಂದರೆ ಪ್ರಾಯದ ನೆಗೆತವು ಹಳೆಯ ಸಾಲವನ್ನೆಲ್ಲ ತೀರಿಸುವ ಸುಗ್ಗಿಯಲ್ಲ. ಮೊದಲ ಐದು ವರ್ಷಗಳಲ್ಲಿ ಮಾಡಬೇಕಾದುದನ್ನು ಆಗಲೇ ಮಾಡಬೇಕು.

ಈ ತಿಳಿವಿನಿಂದಲೇ 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆ ದೇಶದ 33 ಕಡೆ ಆರಂಭವಾಯಿತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಅವುಗಳಲ್ಲಿ ಒಂದು. ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಯೋಜನೆಯ ಹೆಸರುಗಳು ಸರಕಾರದಿಂದ ಸರಕಾರಕ್ಕೆ ಬದಲಾದರೂ ಅಂದು ಹಚ್ಚಿದ ಒಲೆ ಆರಿಲ್ಲ. ಆದರೂ 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆಂಧ್ರ ಪ್ರದೇಶದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 31 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರಾಗಿದ್ದರು. ನಮ್ಮ ಮುಂದೆ ಕುಳಿತಿರುವ ಮಕ್ಕಳು ಆ ಲೆಕ್ಕದ ಹೊರಗಿನವರಲ್ಲ.

ಇಷ್ಟು ಓದಿದುದನ್ನು ನಾನು ತಡವಾಗಿ ಕಲಿತೆನೆಂದು ಒಪ್ಪಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹನ್ನೊಂದು ವರ್ಷ; ತರಗತಿಯಲ್ಲಿ ಎಲ್ಲರಿಗಿಂತ ಎತ್ತರ. ಹಿಂದಿನ ಸಾಲಿನಲ್ಲಿ ಕೂಡಿಸಿದೆನು. ನೀರು ತರಲು, ಸಣ್ಣವರನ್ನು ನೋಡಿಕೊಳ್ಳಲು ಅವಳನ್ನೇ ಕರೆಯುತ್ತಿದ್ದೆನು. ಒಂದು ದಿನ ಭಾಗಾಕಾರ ತಪ್ಪಿದಾಗ ‘ಇಷ್ಟೆತ್ತರ ಬೆಳೆದಿದ್ದೀಯೆ, ಇಷ್ಟೂ ಬಾರದೆ?’ ಎಂದೆನು. ತರಗತಿ ನಕ್ಕಿತು. ಅವಳು ಅಂದಿನಿಂದ ಬೆನ್ನು ಬಾಗಿಸಿ ಕುಳಿತುಕೊಳ್ಳಲು ಕಲಿತಳು. ಬೆಳೆದ ಸೊಸೆಯಂತೆ ಕಾಣುವ ಆ ಮೈಯೊಳಗೆ ಹನ್ನೊಂದು ವರ್ಷದ ಮಗುವೇ ಇದ್ದಿತು, ನನಗದು ಹೊಳೆಯಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. ನಮ್ಮ ಪಡುವಣ ಕರ್ನೂಲಿನ ಹಳ್ಳಿಗಳಿಂದ ಮೆಣಸಿನಕಾಯಿ ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ‘ಸುಗ್ಗಿಗೆ’ ಹೋಗುವುದು ಎಲ್ಲರಿಗೂ ತಿಳಿದ ಸಂಗತಿ. ಅವಳ ಮನೆಯವರೂ ಹೊರಟರು. ನಾನು ಮನೆಗೆ ಹೋಗಿ ಮಗಳನ್ನಾದರೂ ಬಿಟ್ಟುಹೋಗಿರೆಂದು ಕೇಳಿದೆನು. ಅವಳ ತಂದೆ, ‘ಆಳಿನುದ್ದ ಬೆಳದಾಳ್ರಿ ಸಾರ್, ಸಾಲ್ಯಾಗ ಕುಂದ್ರಾಕ ಅಕಿಗೂ ನಾಚಿಕಿ. ಈ ಸಲ ಆಳಿನ ಕೂಲಿನೇ ಕೊಡ್ತಾರ’ ಎಂದನು. ಅವನು ಕ್ರೂರಿಯಲ್ಲ, ಎತ್ತರವನ್ನು ನೋಡಿ ವಯಸ್ಸನ್ನು ಎಣಿಸಿದನು, ಅಷ್ಟೆ. ನಾನು ತರಗತಿಯಲ್ಲಿ ಮಾಡಿದುದೂ ಅದನ್ನೇ. ನಾನು ಏನು ಉತ್ತರ ಹೇಳಬಹುದಾಗಿತ್ತು? ಅವಳು ಮರಳಿ ಶಾಲೆಗೆ ಬರಲಿಲ್ಲ. ಹತ್ತಿಬೀಜದ ಹೊಲಗಳಲ್ಲಿ ಕ್ರಾಸಿಂಗ್ ಎಂದು ಕರೆಯುವ, ಹೂವಿಗೆ ಹೂವನ್ನು ಮುಟ್ಟಿಸುವ ಕೆಲಸಕ್ಕೆ ಹೋಗುತ್ತಿದ್ದಳೆಂದು ಆಮೇಲೆ ಕೇಳಿದೆನು.

ಅದೇ ತರಗತಿಯಲ್ಲಿ ಗಿಡ್ಡನಾದ ಹುಡುಗನೊಬ್ಬನಿದ್ದನು. ಕಬಡ್ಡಿಯ ತಂಡಕ್ಕೆ ಅವನನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಊರ ಹುಡುಗರು ಇಟ್ಟ ಅಡ್ಡಹೆಸರು ಇಲ್ಲಿ ಬೇಡ. ಐದಾರು ವರ್ಷಗಳ ಮೇಲೆ ಸಂತೆಯಲ್ಲಿ ಒಬ್ಬ ಯುವಕನು ಬಂದು ಕೈಮುಗಿದನು. ನಾನು ತಲೆಯೆತ್ತಿ ನೋಡಬೇಕಾಯಿತು. ಅವನೇ! ‘ಹತ್ತನೆಯ ತರಗತಿ ಮುಗಿದ ಮೇಲೆ ಬೆಳೆದೆನು ಸಾರ್’ ಎಂದು ನಕ್ಕನು. ಅವನ ಲಯ ವಿಲಂಬಿತವಾಗಿದ್ದಿತು, ಹುಡುಗಿಯದು ದ್ರುತವಾಗಿದ್ದಿತು. ಇಬ್ಬರಲ್ಲಿಯೂ ದೋಷವಿರಲಿಲ್ಲ. ಆದರೆ ತಡವಾಗಿ ಬೆಳೆದವನಿಗೆ ಕಾಲವೇ ಮದ್ದಾಯಿತು. ಬೇಗ ಬೆಳೆದವಳಿಗೆ ಕಳೆದ ಕಾಲ ಮರಳಲಿಲ್ಲ.

ಕಾನೂನು ಈಗ ಕಿವಿಯನ್ನು ಮುಟ್ಟಿಸಿ ನೋಡುವುದಿಲ್ಲ. ಜನನ ಮರಣಗಳ ದಾಖಲೆಗೆ 1969ರ ಕಾನೂನಿದೆ. ವಯಸ್ಸಿನ ಕಾಗದವಿಲ್ಲವೆಂದು ಯಾವ ಮಗುವನ್ನೂ ಶಾಲೆಯಿಂದ ಹಿಂದಕ್ಕೆ ಕಳುಹಿಸಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾನೂನು ಹೇಳುತ್ತದೆ. 14 ತುಂಬದ ಮಕ್ಕಳನ್ನು ಕೂಲಿಗಿಡಬಾರದೆಂದು 2016ರ ತಿದ್ದುಪಡಿ ಹೇಳುತ್ತದೆ. ಹೆಣ್ಣಿಗೆ 18 ತುಂಬದೆ ಮದುವೆಯಿಲ್ಲವೆಂದು 2006ರ ಕಾನೂನು ಹೇಳುತ್ತದೆ. ಇವೆಲ್ಲವೂ ವರ್ಷವನ್ನು ಎಣಿಸುವ ಕಾನೂನುಗಳು. ಮನೆಯಲ್ಲಿ, ಹೊಲದಲ್ಲಿ, ಶಾಲೆಯಲ್ಲಿ ನಾವು ಮಾತ್ರ ಇನ್ನೂ ಎತ್ತರವನ್ನೇ ಎಣಿಸುತ್ತಿದ್ದೇವೆ.

ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ತರಗತಿಯ ಗೋಡೆಯಲ್ಲಿ ಒಂದು ಅಳತೆಯ ಗೆರೆಯನ್ನು ಎಳೆಯಿರಿ. ಜೂನಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ, ಚಪ್ಪಲಿ ತೆಗೆಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಬೆಳಗಿನ ಹೊತ್ತೇ ಅಳೆಯಿರಿ. ಸಂಜೆಗೆ ಎಲ್ಲರೂ ತುಸು ಕುಗ್ಗುವರು. ಅಳತೆಯನ್ನು ಪುಸ್ತಕದಲ್ಲಿ ಬರೆಯಿರಿ. ಹಲಗೆಯ ಮೇಲೆ ಬರೆದು ಮಗುವನ್ನು ಮಗುವಿಗೆ ಹೋಲಿಸಬೇಡಿರಿ. ಅವನನ್ನು ಹೋದ ವರ್ಷದ ಅವನಿಗೇ ಹೋಲಿಸಿರಿ. ಒಂದು ವರ್ಷದಲ್ಲಿ ನಾಲ್ಕು ಸೆಂಟಿಮೀಟರೂ ಬೆಳೆಯದ ಚಿಕ್ಕ ಮಗುವಿದ್ದರೆ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿರಿ. ನೆಗೆತದ ಕಾಲದಲ್ಲಿ ಹಸಿವು ಹೆಚ್ಚು, ನಿದ್ದೆ ಹೆಚ್ಚು. ಎರಡನೆಯ ಸಲ ಅನ್ನ ಕೇಳುವವನನ್ನು ಹೊಟ್ಟೆಬಾಕನೆನ್ನಬೇಡಿರಿ. ರೊಟ್ಟಿಯ ಜೊತೆಗೆ ಬೇಳೆ, ಸೊಪ್ಪು, ಒಂದು ಹಿಡಿ ಶೇಂಗಾ, ಸಿಕ್ಕಿದರೆ ಮೊಟ್ಟೆ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಇವು ಆ ವಯಸ್ಸಿಗೆ ಬೇಕಾದವು. ಹೆಣ್ಣು ಮಕ್ಕಳಿಗೆ ಒಂದು ಪಾಲು ಹೆಚ್ಚಾಗಿಯೇ ಬೇಕು.

ಓದುತ್ತಿರುವ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಬ್ಬರು ಸಾಲಿನ ತುದಿಯಲ್ಲಿ ನಿಂತು ನಾಚುತ್ತಿರಬಹುದು. ಇನ್ನೊಬ್ಬರು ಸಾಲಿನ ಮೊದಲಲ್ಲಿ ನಿಂತು ಕೊರಗುತ್ತಿರಬಹುದು. ಒಂದೇ ಹೊಲದಲ್ಲಿ ಮುಂಗಡ ಬಿತ್ತಿದ ಸಾಲೂ ಹಿಂಗಡ ಬಿತ್ತಿದ ಸಾಲೂ ಇರುವುವು; ಎರಡರಲ್ಲಿಯೂ ತೆನೆ ಬರುವುದು. ಬೆನ್ನನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿರಿ.

ನನ್ನ ಈಗಿನ ತರಗತಿಯ ಗೋಡೆಯಲ್ಲಿ ಪೆನ್ಸಿಲಿನ ಗೆರೆಗಳಿವೆ. ಪ್ರತಿ ಗೆರೆಯ ಪಕ್ಕದಲ್ಲಿ ಎತ್ತರವನ್ನು ಬರೆಯುವ ಮೊದಲು ಮಗುವಿನ ಹುಟ್ಟಿದ ವರ್ಷವನ್ನು ಬರೆಯುತ್ತೇನೆ. ಸುಗ್ಗಿಗೆ ಹೊರಟವರು ಮಗಳನ್ನು ಕರೆಯಲು ಬಂದಾಗ ಆ ಗೋಡೆಯನ್ನು ತೋರಿಸಿ ಮಾತನಾಡುತ್ತೇನೆ. ಎಲ್ಲರೂ ಒಪ್ಪುತ್ತಾರೆಂದು ಹೇಳಲಾರೆ. ಕಳೆದ ವರ್ಷ ಇಬ್ಬರು ಒಪ್ಪಿದರು.